ಸುಗುಣಮ್ಮ ಸೋಸಿದ ದ್ರಾಕ್ಷಿರಸ

ಜಯಕುಮಾರ್ ಕುಡಿತ ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಶಿವಮೊಗ್ಗದ ನಮ್ಮ ಹಳೆಯ ಚರ್ಚಿನಲ್ಲಿ ಪ್ರಭುಭೋಜನದ ದಿನ ಯೇಸುವಿನ ನೆನಪಿಗೆ ರೊಟ್ಟಿಯ ಜೊತೆ ವೈನ್ ಕೊಡುತ್ತಿದ್ದರು. ಆ ಭಾನುವಾರಗಳಲ್ಲಿ ನಾನು ಏನಾದರೊಂದು ನೆಪ ಹೇಳಿ ಗಂಡನನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದೆ. ಭದ್ರಾವತಿಗೆ ಬಂದ ಮೇಲೆ, ಮೆಥಡಿಸ್ಟ್ ಚರ್ಚಿನ ಪ್ರಭುಭೋಜನಕ್ಕೆ ಅವರು ನನಗಿಂತ ಮೊದಲೇ ಸಿದ್ಧರಾದರು.

ಆರಾಧನೆಗೆ ಮುಂಚೆ ನಾನು ಚರ್ಚಿನ ಹಿಂದಿನ ಅಡುಗೆಕೋಣೆಗೆ ಹೋದೆ. ಪಾದ್ರಿಯ ಹೆಂಡತಿ ಸುಗುಣಮ್ಮ ಬೇಯಿಸಿದ ದ್ರಾಕ್ಷಿಯನ್ನು ಬಟ್ಟೆಯಲ್ಲಿ ಸೋಸುತ್ತಿದ್ದರು.

"ಇದು ಎಷ್ಟು ದಿನ ಇಟ್ಟಿದ್ದು?" ಎಂದು ಕೇಳಿದೆ.

"ಈಗಷ್ಟೇ ಮಾಡಿದ್ದು ಮಾರಾಯ್ತಿ. ನಮ್ಮಲ್ಲಿ ವೈನ್ ಇಡಲ್ಲ. ಕುಡಿತ ಬಿಟ್ಟೋರೂ ಬರ್ಬೇಕಲ್ಲ?"

ನಾನು ಅವರಿಗೆ ಏನನ್ನೂ ಹೇಳಿರಲಿಲ್ಲ.

ಪ್ರಭುಭೋಜನದ ಬಟ್ಟಲಿನ ರಸ ಕುಡಿದು ಬಂದ ಜಯಕುಮಾರ್ ಪಕ್ಕದಲ್ಲಿ ಕೂತು, "ಸಕ್ಕರೆ ಸಾಲ್ದು ಕಣೇ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ನಾನು ಅವರ ಉಸಿರನ್ನು ಮೂಸಿ ನೋಡಲಿಲ್ಲ.