ದಾರಿ ಬಿಡದ ಗಾಡಿ

ಮತ್ತೆ ಅದೇ ಬ್ರೇಕ್ ದೀಪ, ಕೆಂಪಗೆ ಹತ್ತಿ ಆರಿತು, ಥೂ ಇವನ ಮನೆ ಹಾಳಾಗ, ರಸ್ತೆಯೇನು ಇವನಪ್ಪನ ಅಂಗಳವೇ — ಗಂಗರಾಜು ಕಾರಿನ ಹಾರನ್ನಿನ ಮೇಲೆ ಅಂಗೈ ಒತ್ತಿಹಿಡಿದ, ಹಿಂದೂಪುರ ಬಿಡುವಾಗ ಎಳೆಬಿಸಿಲಿತ್ತು, ಈಗ ನೆತ್ತಿ ಸುಡುತ್ತಿದೆ, ಅಕ್ಕನ ಊರು ಕಲ್ಯಾಣದುರ್ಗ ಇನ್ನೂ ದೂರ, ಮುಂದೆ ಈ ಬಿಳಿ ಆಂಬುಲೆನ್ಸು ನಡುರಸ್ತೆಯಲ್ಲೇ ತೆವಳುತ್ತಿದೆ, ಸೈರನ್ನಿಲ್ಲ, ಮೇಲಿನ ದೀಪ ತಿರುಗುತ್ತಿಲ್ಲ, ರೋಗಿಯಿದ್ದರೆ ಹೀಗೆ ಹೋಗುತ್ತಾರೆಯೇ, ರೋಗಿಯಲ್ಲದಿದ್ದರೆ — ಬೇಡ, ಆ ಯೋಚನೆ ಬೇಡ, ಅಕ್ಕ ಬೆಂಗಳೂರಿನ ಆಸ್ಪತ್ರೆಯಿಂದ ಮನೆಗೆ ಬರುತ್ತಿದ್ದಾಳೆ, ಬೆಳಿಗ್ಗೆ ಭಾವ ಫೋನಿನಲ್ಲಿ ಹೇಳಲಿಲ್ಲವೇ, ರೇವತೀನ ಮನೆಗೆ ಕರ್ಕೊಂಡ್ ಬತ್ತಾ ಇದೀವಿ ಕಣಪ್ಪ, ನೀನೂ ಬಾ, ಬರೋವಾಗ ಒಂದ್ ಸೀರೆ ತಂದ್ಬುಡು, ಭಾವ ಹೇಳಿದ್ದನ್ನೇ ಎರಡು ಸಲ ಹೇಳಿದ, ನಿದ್ದೆಗೆಟ್ಟಿರಬೇಕು, ಹುಷಾರಾಗಿ ಬಂದವಳಿಗೆ ತವರಿನವರು ಸೀರೆ ಉಡಿಸುವುದು ಇದ್ದದ್ದೇ, ಗಿಳಿಹಸಿರಿನದೇ ಕೊಡಿ ಎಂದಾಗ ಅಂಗಡಿಯ ಹುಡುಗಿ ಏನ್ ಫಂಕ್ಷನ್ ಅಣ್ಣಾ ಎಂದಳು, ಅವನು ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಹೊರಬಿದ್ದ, ಯಾಕೆ ಹಾಗೆ ಹೊರಬಿದ್ದ ಎಂದು ಅವನಿಗೆ ಈಗಲೂ ತಿಳಿಯದು.

ಆಂಬುಲೆನ್ಸಿನ ಹಿಂದಿನ ಗಾಜಿನ ಪರದೆ ಸರಿಯಿತು, ಕಾಲು, ಯಾರದೋ ಅಂಗಾಲು, ಎರಡು ಹೆಬ್ಬೆರಳನ್ನೂ ಸೇರಿಸಿ ಬಿಳಿ ಪಟ್ಟಿ ಕಟ್ಟಿದೆ, ಗುಂಡಿ ಬಂದಾಗಲೆಲ್ಲ ಎರಡೂ ಒಟ್ಟಿಗೆ ಅಲ್ಲಾಡುತ್ತವೆ, ಬೇಡ ಬೇಡ ಎನ್ನುವ ಹಾಗೆ — ಯಾರೋ ಪಾಪ, ಆದರೆ ಸತ್ತವರಿಗೇನು ಅವಸರ, ಬದುಕಿರುವ ಅಕ್ಕ ಅಲ್ಲಿ ಇವನಿಗಾಗಿ ಬಾಗಿಲು ನೋಡುತ್ತಿರುತ್ತಾಳೆ, ಅಷ್ಟರಲ್ಲಿ ಕುರಿಮಂದೆ ಅಡ್ಡ ಬಂತು, ಮೆಲ್ಲಗಾ ಪೋ ಅನ್ನಾ ಎಂದು ಕುರಿಯವನು ಕೋಲೆತ್ತಿದ, ಮೆಲ್ಲಗೆ ಹೋಗಬೇಕಂತೆ, ಎಲ್ಲರದೂ ಇದೇ ಮಾತು, ಕಡಲೆಕಾಯಿ ಹೊಲದ ಬದುವಿನ ಮೇಲೆ ಅಕ್ಕನೂ ಹೀಗೇ ಮುಂದೆ ಮುಂದೆ, ಮೆಲ್ಲಮೆಲ್ಲಗೆ, ಜರುಗೇ ಅಕ್ಕಾ ಎಂದು ಬೆನ್ನಿಗೆ ಗುದ್ದಿದರೂ ಜರುಗುತ್ತಿರಲಿಲ್ಲ, ಹಾವಿದ್ರೆ ಮೊದ್ಲು ನನ್ ಕಾಲಿಗೇ ಸಿಗ್ಲಿ ಕಣ್ಲಾ, ನೀನ್ ಹಿಂದೇನೇ ಬಾ — ಗಾಜಿನೊಳಗೆ ಕಾಲು ಅಲ್ಲಾಡಿತು, ಬೇಡ ಬೇಡ, ಇವನು ಕಣ್ಣು ತೆಗೆದು ಹೊಲ ನೋಡಿದ, ಹೊಲದಲ್ಲೂ ಅದೇ ಕಾಣುತ್ತದೆ.

ಫೋನು ಬಡಿದುಕೊಂಡಿತು, ಭಾವ, ಎಲ್ಲಿದೀಯಪ್ಪ, ದಾರೀಲಿದೀನಿ ಭಾವ, ಯಾವನೋ ದಾರೀನೇ ಬಿಡ್ತಿಲ್ಲ, ಹೆಂಗಾರ ಮಾಡಿ ನಮಗಿಂತ ಮುಂಚೆ ಮನೆ ಸೇರ್ಕೊಂಬುಡು ಗಂಗರಾಜು, ತವರಿನ ಸೀರೆ ಬರೋಗಂಟ ಅವಳ್ನ ಗಾಡಿಯಿಂದ ಇಳಿಸಂಗಿಲ್ಲ, ನೀನ್ ಮೊದ್ಲು ಸೇರ್ಲಿ ಅಂತ್ಲೇ ಡ್ರೈವರ್‌ಗೆ ಮೆಲ್ಲಗೆ ಹೋಗು ಅಂದಿವ್ನಿ — ಇಳಿಸುವುದೇ, ಅಕ್ಕ ತಾನೇ ಇಳಿಯುವುದಿಲ್ಲವೇ — ಅವನ ಕೈ ತಾನಾಗಿ ಹಾರನ್ನು ಒತ್ತಿತು, ಅದು ರಸ್ತೆಯಲ್ಲಿ ಕೂಗಿತು, ಫೋನಿನೊಳಗೂ ಕೂಗಿತು, ಕೇಳಿಸ್ತಾ, ನಮ್ ಹಿಂದೆ ಯಾವನೋ ಆವಾಗ್ಲಿಂದ ಹಿಂಗೇ ಬಡ್ಕೊಂತಾವ್ನೆ, ಇರು, ಅವ್ನಿಗೆ ದಾರಿ ಬಿಡುಸ್ತೀನಿ, ಆಂಬುಲೆನ್ಸು ಎಡಕ್ಕೆ ಸರಿದು ನಿಂತಿತು, ಬಲಗಡೆ ರಸ್ತೆ ಬಟಾಬಯಲು, ಹೋಗಬಹುದು, ಹೋಗಬೇಕು, ಕಾರು ಕದಲಲಿಲ್ಲ, ಗಾಜಿನೊಳಗೆ ಹೆಬ್ಬೆರಳು, ಬಿಳಿ ಪಟ್ಟಿ, ಈಗ ಅಲ್ಲಾಡುತ್ತಿಲ್ಲ, ಅಕ್ಕನ ಕಾಲು, ಅಕ್ಕನ ಕಾಲು —