ಹಳೆಯ ಸ್ಪೂಲಿನ ನಗು

ಬಾಗಲಕೋಟೆಯಿಂದ ಇಳಕಲ್ಲಿನವರೆಗೂ ನನ್ನ ಕನ್ವರ್ಟರ್ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಸ್ಸಿನಲ್ಲಿ ಕೂತಿದ್ದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ನನ್ನ ಹೆಂಡತಿ ಕುಮುದಿನಿ ಇಳಿದು, ಅಫ್ಸರನ ಮನೆಗೆಂದು ಕರದಂಟು ತಂದಳು. ಆರಿಸಿ ಆರಿಸಿ ತಂದಳು. ನನಗೆ ಮೈಯೆಲ್ಲ ಉರಿಯಿತು.

ಅವಳು ಹಾಡಿದ ದಾಸರ ಪದಗಳ ಮೊದಲ ಆಲ್ಬಮ್ ಇದು. ಹಾಡಿಸಿದ್ದು ನಾನು, ನನ್ನ ಸ್ಟುಡಿಯೋದಲ್ಲಿ. ಉಳಿದದ್ದು ಮಾಸ್ಟರಿಂಗ್, ಅಂದರೆ ಹೊರಗೆ ಬಿಡುವ ಮುಂಚಿನ ಕೊನೆಯ ಹದ. ಅದನ್ನೂ ನಾನೇ ಮಾಡುವವನಿದ್ದೆ. ಆದರೆ ಅವಳು, "ಒಮ್ಮೆ ಅಫ್ಸರನ ಟೇಪಿನ ಮ್ಯಾಲೆ ಹಾಯ್ಸಿ ನೋಡೋಣ್ರಿ, ದನಿ ಮೆತ್ತಗಾಗ್ತದ" ಅಂದಳು.

ಅಫ್ಸರ ಇಳಕಲ್ಲಿನಲ್ಲಿ ಅವಳ ತವರಿನ ಓಣಿಯವ. ಅವರಪ್ಪ ರಾಜಮಹ್ಮದರಿಗೆ ಮೈಕ್‌ಸೆಟ್ಟಿನ ಅಂಗಡಿ ಇತ್ತು. ಅವರು ಬಿಟ್ಟುಹೋದ ದೊಡ್ಡ ಸ್ಪೂಲ್ ಯಂತ್ರವನ್ನು ಇವನು ಇನ್ನೂ ಓಡಿಸುತ್ತಾನೆ. ಆದರೆ ಟೇಪಿನ ದನಿಯನ್ನು ಅಂಕಿಗಳಾಗಿ ಮಾಡಿ ಕಂಪ್ಯೂಟರಿಗೆ ಕೊಡಲು ಕನ್ವರ್ಟರ್ ಬೇಕು. ಎಷ್ಟೋ ಕಂಪನಿಗಳ ಪೆಟ್ಟಿಗೆಗಳನ್ನು ಕೇಳಿ ಕೇಳಿ ನಾನು ಆರಿಸಿದಂಥದ್ದು ಅವನ ಹತ್ತಿರ ಇಲ್ಲ. ನನಗಿದ್ದದ್ದು ಅದೊಂದೇ ಸಮಾಧಾನ.

ಅವನ ಕೋಣೆಗೆ ಕಾಲಿಟ್ಟವನೇ ಜೋರಾಗಿ ಒಮ್ಮೆ ಚಪ್ಪಾಳೆ ತಟ್ಟಿದೆ. ಯಾವ ಕೋಣೆಗೆ ಹೋದರೂ ಹಾಗೆ ತಟ್ಟಿ, ದನಿ ಹೇಗೆ ಮರಳಿ ಬರುತ್ತದೆಂದು ಕೇಳುವುದು ನನ್ನ ಚಟ. ಅಫ್ಸರ ಮೀಸೆಯಲ್ಲೇ ನಕ್ಕ.

"ಕುಮುದಿ, ಒಳಗ ಹೋಗಿ ಚಾ ಕುಡಿ. ನರ್ಗೀಸ ಕಾಯಾಕತ್ತಾಳ" ಎಂದು ಅವಳನ್ನು ತನ್ನ ಹೆಂಡತಿಯ ಹತ್ತಿರ ಕಳಿಸಿದ.

ಕುಮುದಿಯಂತೆ! ಕಟ್ಟಿಕೊಂಡ ಗಂಡ ನಾನು, ಇವತ್ತಿಗೂ ಪೂರ್ತಿ ಹೆಸರು ಹಿಡಿದು ಕರೆಯುತ್ತೇನೆ.

ಮೇಜಿನ ಮೇಲೆ ಎರಡು ಟೇಪುಗಳಿದ್ದವು. ಒಂದು ಹೊಸದು, ಪೊಟ್ಟಣ ಕೂಡ ಒಡೆದಿರಲಿಲ್ಲ. ಇನ್ನೊಂದು ಹಳೆಯದು.

"ಹಳೇದು ಭಾಳ ಚಲೋ ಟೇಪ್ ಐತ್ರಿ," ಅಂದ ಅಫ್ಸರ. "ಆದ್ರ ಅದರಾಗ ಕುಮುದಿ ಲಗ್ನಕ್ಕಿಂತ ಮೊದಲ ಹಾಡಿದ್ದೈತಿ. ಮ್ಯಾಲೆ ತುಂಬಿದ್ರ ಅಳಿಸಿ ಹೋಗ್ತೈತಿ. ಹೊಸಾದ್ರಾಗ ಮಾಡೂಣ್ರಿ."

ಗುಣ ತಿಳಿಯಲೆಂದು ಹಳೆಯದನ್ನು ಸ್ವಲ್ಪ ಕೇಳಿಸಿದ. ಹಾಡು ಮುಗಿಯುತ್ತಿತ್ತು. ಮುಗಿದದ್ದೇ ತಡ, ಟೇಪಿನಲ್ಲಿ ಕುಮುದಿನಿ ನಕ್ಕಳು. ಹೊಟ್ಟೆ ಹುಣ್ಣಾಗುವ ಹಾಗೆ, ಉಸಿರು ಸಿಗದ ಹಾಗೆ ನಕ್ಕಳು. ಅಫ್ಸರ ಥಟ್ಟನೆ ಯಂತ್ರ ನಿಲ್ಲಿಸಿದ. ನನ್ನ ಮನೆಯಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುವ ಹೆಂಗಸು ಇವನ ಮುಂದೆ ಹೀಗೆ ನಕ್ಕಿದ್ದಳು!

"ಹಳೇದರಾಗೇ ಮಾಡ್ರಿ," ಅಂದೆ. "ಹೊಸಾದು ಹೆಂಗಿರ್ತದೋ ಯಾರಿಗೆ ಗೊತ್ತು? ನಮಗ ಆಲ್ಬಮ್ ಮುಖ್ಯ."

ದೊಡ್ಡ ತಜ್ಞನ ಹಾಗೆ ಹೇಳಿದೆ. ನನಗೆ ಬೇಕಾಗಿದ್ದದ್ದು ಆ ನಗು ಅಳಿಸಿಹೋಗುವುದು.

ಅಫ್ಸರ ನನ್ನ ಮುಖವನ್ನೇ ನೋಡಿದ. "ಆತ್ರಿ. ಆದ್ರ ಅಳಸೂ ಮೊದಲ ಪೂರಾ ಕೇಳ್ರಿ."

ಅವನು ಮತ್ತೆ ಯಂತ್ರ ಓಡಿಸಿದ. ನಗು ನಿಂತ ಮೇಲೆ ಟೇಪಿನಲ್ಲಿ ಅವಳ ಮಾತು ಬಂತು.

"ಅಫ್ಸರ, ನಿನ್ನೆ ಬಾಗಲಕೋಟಿಯವರು ನನ್ನ ನೋಡ್ಲಿಕ್ಕೆ ಬಂದಿದ್ರಲ್ಲ, ಹುಡುಗಿ ಒಂದು ಪದ ಹಾಡ್ಲಿ ಅಂದ್ರು. ನಾ ಇನ್ನೂ ಬಾಯಿ ತಗದಿಲ್ಲ, ಆ ವರ ಎದ್ದು ನಿಂತು ಫಟ್ ಅಂತ ಚಪ್ಪಾಳಿ ಹೊಡದ! ನಮ್ಮಜ್ಜಿ ಅವಲಕ್ಕಿ ತಾಟು ಕೈಬಿಟ್ಳು!"

ಮತ್ತೆ ಅದೇ ನಗು. ಆಮೇಲೆ ಮೆಲ್ಲಗೆ, "ಲಗ್ನ ಆದ್ರ ಅಂವನ್ನೇ ಆಗ್ತೇನಿ, ನೋಡು."

ಅಫ್ಸರ ಕೆಂಪು ಗುಂಡಿಯ ಮೇಲೆ ಬೆರಳಿಟ್ಟ. "ಅಳಸ್ಲೇನ್ರಿ?"

"ಕೈ ತಗೀರಿ!"

ನಾನೇ ಟೇಪನ್ನು ಮೊದಲಿಗೆ ಮರಳಿ ಸುತ್ತಿಸಿ, ನನ್ನ ಕನ್ವರ್ಟರಿನ ವಾಯರನ್ನು ಜೋಡಿಸಿ ಓಡಿಸಿದೆ. ಮೊದಲು ಇದು ಕಂಪ್ಯೂಟರಿಗೆ ಇಳಿಯಲಿ. ಆಲ್ಬಮ್ಮಿಗೆ ಹೊಸ ಟೇಪು ಇದೆ. ಹಾಗೆಂದು ಉರಿ ಆರಿತೆಂದಲ್ಲ. ಆ ಮಾತನ್ನು ಅವಳು ನನಗೆ ಒಂದು ದಿನವೂ ಹೇಳಿರಲಿಲ್ಲ. ಹೇಳಿದ್ದು ಇವನಿಗೆ. ಇಷ್ಟು ವರ್ಷ ಅದು ಇದ್ದದ್ದು ಇವನ ಕಪಾಟಿನಲ್ಲಿ.

ಕುಮುದಿನಿ ಬಾಗಿಲಿಗೆ ಬಂದಳು. "ಯಾವ ಟೇಪು ಆರಿಸಿದ್ರಿ?"

ಎದ್ದು ನಿಂತು ಒಮ್ಮೆ ಚಪ್ಪಾಳೆ ತಟ್ಟಿದೆ.

ಅವಳು ನನ್ನನ್ನು ನೋಡಿದಳು, ತಿರುಗುತ್ತಿದ್ದ ಹಳೆಯ ಸ್ಪೂಲನ್ನು ನೋಡಿದಳು. "ಅಯ್ಯ ಅಫ್ಸರ, ಇವರಿಗೆ ಕೇಳಿಸೇ ಬಿಟ್ಟೀಯೇನು?" ಎಂದು ನಕ್ಕಳು. ಸೆರಗು ಬಾಯಿಗೆ ಹೋಗಲಿಲ್ಲ. ಇಡೀ ಕೋಣೆ ತುಂಬ ಅದೇ ನಗು, ನನ್ನ ಎದುರಿಗೇ.

ಅಫ್ಸರನೂ ನಗುತ್ತಿದ್ದ. ಅವನು ಸ್ವಲ್ಪ ಕಡಿಮೆ ನಗಬಹುದಿತ್ತು.