ನಿಂತ ಲಿಫ್ಟಿನಲ್ಲಿ ಬಟಾಣಿಯ ದರ್ಬಾರು

ಲಿಫ್ಟ್ ಮೆಕ್ಯಾನಿಕ್‌ಗೆ ಅವನ ಕಂಪನಿಯವರು ಇಟ್ಟ ಹೆಸರು ಬೀಗಣ್ಣ. ಯಾರಿಗೂ ಬೀಗನಾದದ್ದಕ್ಕಲ್ಲ, ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವನಂತೆ ಇದ್ದದ್ದಕ್ಕೆ. ಕೆಟ್ಟ ಮೋಟಾರಿನ ಮುಂದೆ ಇಡೀ ದಿನ ಕೂತರೂ ಅವನ ಬಾಯಿಂದ ಉದುರುತ್ತಿದ್ದದ್ದು ‘ಹ್ಞೂಂ’, ‘ಉಹ್ಞೂಂ’, ಹೆಚ್ಚೆಂದರೆ ‘ಸ್ಪ್ಯಾನರ್’. ಅವನ ಹೆಂಡತಿ ಸಿಟಿ ಬಸ್ ಓಡಿಸುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಹಾರ್ನು, ಸೀಟಿ, ಜಗಳ ಕೇಳಿ ಬರುವವಳಿಗೆ ಇಂಥ ಗಂಡ ಸಿಕ್ಕಿದ್ದು ಪೂರ್ವಜನ್ಮದ ಪುಣ್ಯ ಅನ್ನಿಸುತ್ತಿತ್ತು.

ಅವರ ಮಗಳಿಗೆ ಎಂಟು ತಿಂಗಳು. ಗುಂಡಗೆ, ಹಸಿರು ಟೋಪಿ ಹಾಕಿದರೆ ಥೇಟ್ ಕಾಳಿನ ಹಾಗೆ ಕಾಣುತ್ತಿದ್ದದ್ದರಿಂದ ಮನೆಯಲ್ಲಿ ಅವಳು ಬಟಾಣಿ. ಆ ದಿನ ತಾಯಿಗೆ ರಜೆ ಸಿಗದೆ, ಅಪ್ಪನೇ ಅರ್ಧ ದಿನ ರಜೆ ಹಾಕಿ ಮಗಳಿಗೆ ಲಸಿಕೆ ಹಾಕಿಸಲು ನಾಲ್ಕನೇ ಮಹಡಿಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದ.

ಸೂಜಿ ಚುಚ್ಚಿದ್ದೇ ತಡ, ಬಟಾಣಿ ಕಟ್ಟಡ ಹಾರಿಹೋಗುವ ಹಾಗೆ ಕಿರುಚಿದಳು. ಬೀಗಣ್ಣ ಅವಳನ್ನು ಸಲಕರಣೆ ಪೆಟ್ಟಿಗೆ ಹಿಡಿದ ಹಾಗೆ ಜೋಪಾನವಾಗಿ ಹಿಡಿದುಕೊಂಡು ಗೋಡೆ ನೋಡುತ್ತಾ ನಿಂತ. ನರ್ಸಮ್ಮ ಅವನನ್ನೇ ನೋಡಿದಳು.

“ಅಲ್ರೀ, ಮನೇಲಿ ಮಗು ಜೊತೆ ಮಾತಾಡ್ತೀರಾ?”

“ಅದಕ್ಕೆ ಮಾತು ಬರಲ್ವಲ್ಲ,” ಅಂದ. ಅವನ ಮಟ್ಟಿಗೆ ಅದೇ ದೊಡ್ಡ ಭಾಷಣ.

ನರ್ಸಮ್ಮ ಕುರ್ಚಿ ಎಳೆದುಕೊಂಡು ಕೂತಳು. “ಮಾತು ಬಂದ್ಮೇಲೆ ಮಾತಾಡೋದಲ್ಲ, ಮಾತಾಡಿಸಿದ್ರೆ ಮಾತು ಬರೋದು. ಈಗ ಇವಳ ಮಿದುಳಲ್ಲಿ ಕ್ಷಣಕ್ಷಣಕ್ಕೂ ಹೊಸ ಹೊಸ ಎಳೆ ಹೆಣ್ಕೊಳ್ತಾ ಇದಾವೆ. ಇವಳು ‘ಆ’ ಅಂದಾಗ ನೀವು ‘ಓ’ ಅಂದ್ರೆ ಎಳೆ ಗಟ್ಟಿಯಾಗುತ್ತೆ. ಯಾರೂ ಏನೂ ಅನ್ನದೇ ಇದ್ರೆ ಸೊರಗುತ್ತೆ. ನಾಳೆ ಇವಳು ಓದೋದು ಬರೆಯೋದು, ಸಿಟ್ಟು ತಡ್ಕೊಳ್ಳೋದು, ಭಯ ಆದಾಗ ಸುಧಾರಿಸ್ಕೊಳ್ಳೋದು, ದೊಡ್ಡವಳಾದ ಮೇಲೆ ಮೈ ಆರೋಗ್ಯವಾಗಿರೋದು, ಎಲ್ಲಕ್ಕೂ ಅಡಿಪಾಯ ಈಗ್ಲೇ ಬೀಳೋದು. ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಅಂತ ಹಿರೀಕರು ಸುಮ್ನೆ ಹೇಳಿದ್ರಾ?”

ಬೀಗಣ್ಣ ಗೋಡೆ ಬಿಟ್ಟು ಮಗಳ ಮುಖ ನೋಡಿದ. ಅವನು ಬೆಳೆದದ್ದು ಚಿಕ್ಕಪ್ಪನ ಮನೆಯಲ್ಲಿ. ಅಲ್ಲಿ ಮಕ್ಕಳು ಏನು ಕೇಳಿದರೂ ಸಿಗುತ್ತಿದ್ದ ಉತ್ತರ ಒಂದೇ: ‘ಬಾಯ್ಮುಚ್ಕೊಂಡು ಕೂತ್ಕೋ.’ ಅವನು ಹಾಗೇ ಕೂತಿದ್ದ, ಮೂವತ್ತು ದಾಟುವ ತನಕ.

“ಹಾಗಾದ್ರೆ… ನಂದು ಮುಗೀತಾ?”

“ಅಯ್ಯೋ, ಎಲ್ಲಿ ಮುಗೀತು? ಕಲಿಯೋದು ಮಕ್ಕಳಿಗೆ ಸಲೀಸು, ದೊಡ್ಡೋರಿಗೆ ಸ್ವಲ್ಪ ತಿಣುಕಾಟ, ಅಷ್ಟೇ. ಅವಳೇ ಕಲಿಸ್ತಾಳೆ ಬಿಡಿ. ಅವಳು ಏನಾದ್ರೂ ಅಂದ್ರೆ ಉತ್ತರ ಕೊಡಿ. ಆಮೇಲೆ ಅವಳ ಸರದಿ ಬಿಟ್ಕೊಡಿ.”

ಹ್ಞೂಂ ಎಂದು ಬೀಗಣ್ಣ ಲಿಫ್ಟ್ ಹತ್ತಿದ. ಒಳಗೆ ಕೋಲು ಹಿಡಿದ ಅಜ್ಜಿಯೊಬ್ಬಳು, ಕರಿಕೋಟಿನ ವಕೀಲರೊಬ್ಬರು. ವಕೀಲರು ಗಡಿಯಾರ ನೋಡಿಕೊಂಡರು, ಅಜ್ಜಿ ಮಂಡಿ ಒತ್ತಿಕೊಂಡಳು. ಮೂರನೇ ಮಹಡಿ ದಾಟಿದ್ದೇ ಲಿಫ್ಟ್ ಬಿಕ್ಕಳಿಸಿ, ಕುಲುಕಿ, ಅಲ್ಲೇ ನಿಂತಿತು. ಫ್ಯಾನ್ ಸುಮ್ಮನಾಯಿತು. ಮೂಲೆಯ ಸಣ್ಣ ದೀಪವೊಂದೇ ಉಳಿಯಿತು.

ವಕೀಲರು ಅಲಾರಂ ಗುಂಡಿಯನ್ನು ಶತ್ರುವಿನ ಕಣ್ಣಿಗೆ ತಿವಿದ ಹಾಗೆ ತಿವಿದರು. ಸ್ವಲ್ಪ ಹೊತ್ತಿಗೆ ಬೀಗಣ್ಣನ ಫೋನು ಬಡಿದುಕೊಂಡಿತು. ಕಂಪನಿಯಲ್ಲಿ ದೂರು ಬರೆದುಕೊಳ್ಳುವ ಹುಡುಗಿ.

“ಬೀಗಣ್ಣಾ, ರಜೆ ಅಂತ ಗೊತ್ತು, ಬೈಬೇಡಿ. ಕ್ಲಿನಿಕ್ ಬಿಲ್ಡಿಂಗಲ್ಲಿ ಲಿಫ್ಟ್ ನಿಂತಿದೆಯಂತೆ. ಹತ್ತಿರದಲ್ಲಿದ್ದೀರಾ?”

“ಇಲ್ಲೇ ಇದ್ದೀನಿ.”

“ಸದ್ಯ, ಬದುಕ್ಕೊಂಡೆ! ಬೇಗ ಲಿಫ್ಟ್ ಹತ್ರ ಹೋಗಿ.”

“ಹತ್ರಾನೇ ಇದ್ದೀನಿ.”

“ಒಳಗೆ ಯಾರಿದ್ದಾರೆ ನೋಡಿ.”

“ನಾನೇ.”

ಆ ಕಡೆ ಇಡೀ ಆಫೀಸು ಬಿದ್ದು ಬಿದ್ದು ನಗುವ ಸದ್ದು. ಇನ್ನೊಬ್ಬ ಮೆಕ್ಯಾನಿಕ್ ಊರಿನ ಆ ತುದಿಯಿಂದ ಬರಬೇಕಿತ್ತು.

“ನೀವೇ ಮೆಕ್ಯಾನಿಕ್ಕಾ?” ವಕೀಲರು ಹೌಹಾರಿದರು. “ಮತ್ತೆ ರಿಪೇರಿ ಮಾಡ್ರೀ!”

ಒಳಗಿನಿಂದ ಏನೂ ಮಾಡಲಾಗದು ಎಂದು ಬೀಗಣ್ಣ ತಲೆಯಾಡಿಸಿದ. ವಕೀಲರ ದನಿ ಏರಿದ್ದಕ್ಕೆ ಬಟಾಣಿಯ ಕೆಳತುಟಿ ಮುಂದೆ ಬಂತು, ನಡುಗಿತು. ಪುಟ್ಟ ಕೈ ಅವನ ಅಂಗಿಯನ್ನು ಹಿಡಿಯಿತು. ಮಗು ಹೆದರಿತ್ತು. ಅದರ ಎದೆ ಡವಡವ ಎನ್ನುವುದು ಅವನ ಎದೆಗೇ ಬಡಿಯುತ್ತಿತ್ತು. ಮಾತಾಡಬೇಕು. ಆದರೆ ಏನು? ಅವನಿಗೆ ಕಥೆ ಬಾರದು, ಹಾಡು ಬಾರದು. ಗೊತ್ತಿದ್ದದ್ದು ಲಿಫ್ಟ್ ಒಂದೇ.

“ನೋಡು ಬಟಾಣಿ,” ಎಂದ, ದನಿ ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರ್ರೆಂದಿತು. “ಮೇಲೆ ಹಗ್ಗ ಇದೆ. ದಪ್ಪ ಹಗ್ಗ. ಒಂದಲ್ಲ, ಐದಾರು. ಬ್ರೇಕೂ ಇದೆ. ನಾವು ಬೀಳಲ್ಲ ಪುಟ್ಟಾ.”

ಬಟಾಣಿಯ ತುಟಿ ನಡುಗುವುದು ನಿಂತಿತು. ಅಪ್ಪನ ಬಾಯಿಯನ್ನೇ, ಅದರೊಳಗೆ ಹೊಸ ಪ್ರಾಣಿಯೊಂದು ಸೇರಿಕೊಂಡಿದೆಯೇನೋ ಎಂಬಂತೆ ನೋಡಿದಳು. ಆಮೇಲೆ ಗಂಭೀರವಾಗಿ, “ಅಬುವಾ,” ಎಂದಳು.

“ಹೌದಾ? ಅಬುವಾನಾ? ಬ್ರೇಕ್ ಸವೆದಿದೆ ಅಂತೀಯಾ?” ಎಂದು ಬಾಯಿ ತಪ್ಪಿ ಕೇಳಿಬಿಟ್ಟ. ಸರದಿ ಬಿಟ್ಟುಕೊಟ್ಟು ಕಾದ.

“ಅಬುವಾ ಬಬಬಾ!”

“ಛೇ ಛೇ, ಹೋದ ತಿಂಗಳೇ ಹೊಸದು ಹಾಕಿದ್ದೀನಮ್ಮಾ!”

ಬಟಾಣಿ ಕಿಲಕಿಲ ಎಂದಳು. ಬೀಗಣ್ಣನ ಕಾಲ್ಬೆರಳಿಂದ ನೆತ್ತಿಯವರೆಗೆ ಏನೋ ಜುಮ್ಮೆಂದು ಹರಿಯಿತು. ನನ್ನ ಮಾತಿಗೆ ನಗು! ನನ್ನ ಮಾತಿಗೆ! ಅವನು ಮೋಟಾರಿನ ಬಗ್ಗೆ ಹೇಳಿದ, ಗ್ರೀಸಿನ ವಾಸನೆಯ ಬಗ್ಗೆ ಹೇಳಿದ, ಅವಳ ಅಮ್ಮ ಬಸ್ಸನ್ನು ತಿರುವಿನಲ್ಲಿ ಹೇಗೆ ತಿರುಗಿಸುತ್ತಾಳೆಂದು ಕೈ ತಿರುಗಿಸಿ ತೋರಿಸಿದ. ಬಟಾಣಿ ಪ್ರತಿಯೊಂದಕ್ಕೂ ಅಭಿಪ್ರಾಯ ಕೊಟ್ಟಳು. ಕೊನೆಗೆ ವಕೀಲರ ಕಡೆ ತಿರುಗಿ, ಬೆರಳು ಚಾಚಿ, “ಡ್ಡಾ?” ಎಂದಳು.

ವಕೀಲರು ಮುಖ ತಿರುಗಿಸಿದರು.

“ವಕೀಲರೇ, ಮಗು ನಿಮ್ಮನ್ನೇ ಕೇಳ್ತಿದೆ,” ಅಂದಳು ಅಜ್ಜಿ. “ಫೀಸ್ ಕೊಟ್ರೇನೇ ಉತ್ತರ ಕೊಡೋದಾ?”

ವಕೀಲರು ಕೆಮ್ಮಿದರು. ಕೋಟು ಸರಿಮಾಡಿಕೊಂಡರು. “ಮಾನ್ಯರೇ,” ಎಂದು ಬಟಾಣಿಗೆ ತಲೆಬಾಗಿ, “ಈ ವಿಷಯದಲ್ಲಿ ನನ್ನ ತಕರಾರಿಲ್ಲ,” ಎಂದರು.

“ಡ್ಡಾ!”

“ಡ್ಡಾ ಅಂದ್ರೆ ಡ್ಡಾನೇ, ಒಪ್ಪಿದೆ.”

ಅಲ್ಲಿಂದ ಮುಂದೆ ಯಾರಿಗೂ ಲಂಗುಲಗಾಮು ಇರಲಿಲ್ಲ. ವಕೀಲರು ಕರಿಕೋಟು ಬಿಚ್ಚಿ ಅದರ ಹಿಂದೆ ಅಡಗಿ “ಕೂ!” ಎಂದರು. ಬಟಾಣಿ ಹೊಟ್ಟೆ ಕುಣಿಯುವಂತೆ ನಕ್ಕಳು. ಅಜ್ಜಿ ಕೋಲಿನಿಂದ ನೆಲ ಕುಟ್ಟಿ ತಾಳ ಹಾಕಿದಳು. ಬಟಾಣಿ ಅಂಗೈಯಿಂದ ಅಪ್ಪನ ಮೂಗಿಗೆ ಬಡಿದು ತಾಳ ಹಿಂದಿರುಗಿಸಿದಳು. ಬೀಗಣ್ಣ ನಗುತ್ತಾ ನಗುತ್ತಾ ಗೋಡೆಗೆ ಒರಗಿ ಜಾರಿ ಕೂತೇಬಿಟ್ಟ. ಅವನ ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳುವುದಕ್ಕೂ ಪುರುಸೊತ್ತಿರಲಿಲ್ಲ.

ಕೊನೆಗೆ ಬಾಗಿಲು ಕಿರ್ರೆಂದು ಸರಿಯಿತು. ಬಂದ ಮೆಕ್ಯಾನಿಕ್ ಟಾರ್ಚ್ ಬಿಟ್ಟು ನೋಡುತ್ತಾನೆ: ವಕೀಲರು ನಾಲ್ಕು ಕಾಲಿನ ಮೇಲೆ, ಅವರ ಬೆನ್ನ ಮೇಲೆ ಬಟಾಣಿ, ಪಕ್ಕದಲ್ಲಿ ಅವಳನ್ನು ಹಿಡಿದುಕೊಂಡು ಎಂದೂ ಬಾಯಿ ಬಿಡದ ಬೀಗಣ್ಣ “ಟಕ್ ಟಕ್ ಟಕ್” ಎಂದು ಕುದುರೆ ಓಡಿಸುತ್ತಿದ್ದಾನೆ.

“ಬೇಗ ಬಂದ್ರಲ್ಲಪ್ಪಾ,” ಅಂದಳು ಅಜ್ಜಿ, ಬೇಸರದಿಂದಲೇ. “ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟು ಬರೋಕಾಗ್ತಿರ್ಲಿಲ್ವಾ?”

ಸಂಜೆ ಹೆಂಡತಿ ಮನೆಗೆ ಬಂದು ಬಾಗಿಲಲ್ಲಿ ಒಂದು ಚಪ್ಪಲಿ ಬಿಟ್ಟಳಷ್ಟೇ. ಇನ್ನೊಂದನ್ನು ಬಿಡಲು ಗಂಡ ಆಸ್ಪದ ಕೊಡಲಿಲ್ಲ. ನರ್ಸಮ್ಮ ಹೇಳಿದ್ದು, ಲಿಫ್ಟ್ ನಿಂತದ್ದು, ವಕೀಲರು ಕುದುರೆಯಾದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಾ ಹೋದ. ಕೈ ಆಡಿಸಿದ. ವಕೀಲರ ದನಿಯಲ್ಲಿ ಕೆಮ್ಮಿದ. ಅವಳು ಒಂಟಿ ಚಪ್ಪಲಿಯಲ್ಲೇ ಹೊಸ್ತಿಲ ಮೇಲೆ ಕೂತು, ಯಾರೋ ಬೇರೆಯವರ ಮನೆಗೆ ಬಂದೆನೇನೋ ಎಂದು ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದಳು.

“ರೀ, ಜ್ವರ ಏನಾದ್ರೂ ಬಂದಿದೆಯಾ?”

“ಉಹ್ಞೂಂ. ಇರು, ಅಜ್ಜಿ ವಿಷಯ ಇನ್ನೂ ಹೇಳಿಲ್ಲ,” ಎಂದ.

ಅವಳು ನಗುತ್ತಾ ಮಗಳನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡಳು. “ಹೇಳಿ ಮತ್ತೆ,” ಎಂದಳು. ಒಲೆಯ ಮೇಲೆ ಹಾಲು ಉಕ್ಕಿ ಚೊರ್ರೆಂದಿತು. ಮೂವರಲ್ಲಿ ಯಾರೂ ಏಳಲಿಲ್ಲ.